ಓಕಳಿಪುರದ ಪುಣ್ಯತಿಥಿಗಳು

ಬೆಂಗಳೂರು ನಗರದ ದೊಡ್ಡ ರೈಲು ನಿಲ್ದಾಣದ ಹಿಂಬದಿಯಲ್ಲಿ, ಒಂದು ಮಗ್ಗುಲಿಗೆ ಹಳಿಗಳೂ ಇನ್ನೊಂದು ಮಗ್ಗುಲಿಗೆ ಶ್ರೀರಾಮಪುರದ ಇಕ್ಕಟ್ಟಾದ ಓಣಿಗಳೂ ಒತ್ತಿಕೊಂಡಿರುವ ಓಕಳಿಪುರಂ ಬಡಾವಣೆಯಲ್ಲಿ, ವರ್ಷಕ್ಕೆ ಹಲವು ಬಾರಿ ತಿಥಿಯ ಅಡುಗೆ ಬೀದಿಯಲ್ಲಿಯೇ ಬೇಯುತ್ತದೆ. ಸತ್ತವರು ಆ ಬೀದಿಯವರಲ್ಲ. ಅಡುಗೆ ಮಾಡಿಸುವವರು ಅವರ ದಾಯಾದಿಗಳೂ ಅಲ್ಲ. ಒಂದು ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಅದರ ಮೇಲೆ ಭಾವಚಿತ್ರವನ್ನಿರಿಸಿ, ಹೂಮಾಲೆ ಹಾಕಿ, ದೀಪ ಹಚ್ಚಿ, ಊದುಬತ್ತಿಯನ್ನು ಬಾಳೆಯಹಣ್ಣಿಗೆ ಚುಚ್ಚಿ ನಿಲ್ಲಿಸಿದ ಮೇಲೆ, ಹಾದುಹೋಗುವವರನ್ನೆಲ್ಲ ಕರೆದು ಪಲಾವೋ ಬಿಸಿಬೇಳೆ ಬಾತೋ ಕೈಗೆ ಕೊಡುವ ಈ ಕ್ರಿಯೆಗೆ ಅಲ್ಲಿನವರು ಇಟ್ಟಿರುವ ಹೆಸರು ಪುಣ್ಯಸ್ಮರಣೆ. ಚಲನಚಿತ್ರದ ನಟನೊಬ್ಬನಿಗಾಗಿ ಜನಸಾಮಾನ್ಯರು ನಡೆಸುವ ಈ ಸ್ಮರಣೆಯನ್ನು ನಮ್ಮ ವಿದ್ಯಾವಂತರಲ್ಲಿ ಅನೇಕರು ಹುಚ್ಚೆಂದೂ ಅಂಧಾಭಿಮಾನವೆಂದೂ ಬಗೆದು ಮುಖ ತಿರುಗಿಸಿಕೊಂಡು ಹೋಗುವುದುಂಟು. ನನ್ನ ಎಣಿಕೆ ಬೇರೆ. ಇದು ಬಂಧುತ್ವದ ಒಂದು ನಿಜವಾದ ರೂಪವೆಂದೂ, ರಕ್ತಸಂಬಂಧದ ಶ್ರಾದ್ಧಕ್ಕೆ ಎಷ್ಟು ಶ್ರದ್ಧೆಯುಂಟೋ ಅಷ್ಟೇ ಶ್ರದ್ಧೆ ಇದಕ್ಕೂ ಉಂಟೆಂದೂ ನಾನು ನಂಬಿದ್ದೇನೆ. ಆ ನಂಬಿಕೆಗೆ ಕಾರಣಗಳನ್ನು ಇಲ್ಲಿ ಹೇಳಬೇಕಾಗಿದೆ.

ಈ ಬಡಾವಣೆಗೂ ಚಿತ್ರರಂಗಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಓಕಳಿಪುರದಿಂದ ಗಾಂಧಿನಗರಕ್ಕೂ ಕೆಂಪೇಗೌಡ ರಸ್ತೆಗೂ ಕಾಲ್ನಡಿಗೆಯ ದೂರ. ಮಿನರ್ವ ಮಿಲ್ಲು, ಬಿನ್ನಿ ಮಿಲ್ಲು, ರಾಜಾ ಮಿಲ್ಲುಗಳ ಪಾಳಿ ಮುಗಿಸಿ ಬಂದ ಕಾರ್ಮಿಕರೂ, ರೈಲ್ವೆಯ ಕೆಳದರ್ಜೆಯ ನೌಕರರೂ, ಮಾರುಕಟ್ಟೆಯ ಹಮಾಲಿಗಳೂ ನೆಲದ ಟಿಕೆಟ್ಟಿಗಾಗಿ ಸಾಲುಗಟ್ಟಿ ನಿಲ್ಲುತ್ತಿದ್ದ ಆ ಚಿತ್ರಮಂದಿರಗಳೇ ಅವರ ಪಾಲಿಗೆ ಪಾಠಶಾಲೆಯೂ ರಂಗಮಂದಿರವೂ ಒಮ್ಮೊಮ್ಮೆ ದೇವಾಲಯವೂ ಆಗಿದ್ದವು. ಮನೆಯಲ್ಲಿ ತಮಿಳನ್ನೋ ತೆಲುಗನ್ನೋ ಆಡುತ್ತಿದ್ದ ಎಷ್ಟೋ ಮಕ್ಕಳು ಅಚ್ಚುಕಟ್ಟಾದ ಕನ್ನಡದ ಮಾತನ್ನು ಮೊದಲು ಕೇಳಿದುದು ರಾಜ್‌ಕುಮಾರರ ಬಾಯಿಂದ. ಇಂದು ಆ ಮಂದಿರಗಳಲ್ಲಿ ಬಹಳಷ್ಟಿಲ್ಲ. ಊರಿನ ಆ ಭಾಗಕ್ಕೆಲ್ಲ ತನ್ನ ಹೆಸರನ್ನೇ ದಾನ ಮಾಡಿದ ಮೆಜೆಸ್ಟಿಕ್ ಇಲ್ಲ. ವಿಸ್ತಾರಕ್ಕೆ ಹೆಸರಾಗಿದ್ದ ಕಪಾಲಿ 2017ರಲ್ಲಿ ನೆಲಸಮವಾಯಿತು. ರಾಜಾ ಮಿಲ್ಲಿನ ಭೂಮಿಯಲ್ಲಿ ಮಂತ್ರಿ ಮಾಲ್ ಎದ್ದಿದೆ. ಪರದೆ ಹೋಯಿತು, ಪರದೆಯ ಮೇಲಿನ ಮನುಷ್ಯನೂ ಹೋದನು, ಟಿಕೆಟ್ಟು ಕೊಂಡವನು ಮಾತ್ರ ಉಳಿದಿದ್ದಾನೆ.

ಉಳಿದವನು ತನ್ನದೇ ಆದ ಒಂದು ಪಂಚಾಂಗವನ್ನು ಕಟ್ಟಿಕೊಂಡಿದ್ದಾನೆ. ಸೆಪ್ಟೆಂಬರ್ 18 ವಿಷ್ಣುವರ್ಧನರು ಹುಟ್ಟಿದ ದಿನ. ಅದೇ ತಿಂಗಳ 30 ಶಂಕರ್ ನಾಗ್ ತೀರಿಕೊಂಡ ದಿನ. ಭಾದ್ರಪದದ ಪಿತೃಪಕ್ಷವೂ ಸಾಮಾನ್ಯವಾಗಿ ಇವುಗಳ ಆಸುಪಾಸಿನಲ್ಲಿಯೇ ಬರುವುದರಿಂದ, ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ಕಾಲವೂ ಬೀದಿಯಲ್ಲಿ ನಟರನ್ನು ನೆನೆಯುವ ಕಾಲವೂ ಒಂದರೊಳಗೊಂದು ಹೆಣೆದುಕೊಂಡುಬಿಡುತ್ತವೆ. ಅಕ್ಟೋಬರ್ 29 ಪುನೀತ್ ರಾಜ್‌ಕುಮಾರರು ಅಗಲಿದ ದಿನ. ಅದಾದ ಮೂರನೆಯ ದಿನವೇ ರಾಜ್ಯೋತ್ಸವ. ನವೆಂಬರ್ 9 ಶಂಕರರ ಜನ್ಮದಿನ, 24 ಅಂಬರೀಷರ ನಿಧನದ ದಿನ, ಡಿಸೆಂಬರ್ 30 ವಿಷ್ಣುವರ್ಧನರದು. ವರ್ಷ ತಿರುಗಿ ಮಾರ್ಚ್ 17 ಪುನೀತರ ಹುಟ್ಟುಹಬ್ಬ. ಏಪ್ರಿಲ್ 12 ರಾಜ್‌ಕುಮಾರರ ಪುಣ್ಯತಿಥಿ, 24 ಅವರ ಜಯಂತಿ. ಈ ದಿನಗಳನ್ನು ಯಾರೂ ಯಾರಿಗೂ ನೆನಪು ಮಾಡಿಕೊಡಬೇಕಾಗಿಲ್ಲ. ನವೆಂಬರ್ ತಿಂಗಳಿಡೀ ಒಂದಲ್ಲ ಒಂದು ಬೀದಿಯಲ್ಲಿ ನಡೆಯುವ ರಾಜ್ಯೋತ್ಸವದ ವೇದಿಕೆಯ ಮೇಲೆ, ತಾಯಿ ಭುವನೇಶ್ವರಿಯ ಪಟದ ಪಕ್ಕದಲ್ಲಿ ಈ ಅಗಲಿದವರ ಪಟಗಳೂ ನಿಲ್ಲುತ್ತವೆ. ನಾಡಿನ ಉತ್ಸವದಲ್ಲಿ ನಾಡಿನ ಹಿರಿಯರಿಗೆ ಸಲ್ಲಬೇಕಾದ ಸ್ಥಾನವನ್ನು ಜನ ತಾವಾಗಿಯೇ ಅವರಿಗೆ ಕೊಟ್ಟಿದ್ದಾರೆ.

ಇವರೆಲ್ಲರಲ್ಲಿ ಶಂಕರ್ ನಾಗ್ ಅವರ ಸ್ಮರಣೆ ನನಗೆ ಅತ್ಯಂತ ವಿಸ್ಮಯಕರವಾಗಿ ಕಂಡಿದೆ. 1954ರಲ್ಲಿ ಹೊನ್ನಾವರದ ಸೀಮೆಯಲ್ಲಿ ಹುಟ್ಟಿ, ಮುಂಬಯಿಯ ರಂಗಭೂಮಿಯಲ್ಲಿ ಬೆಳೆದು, ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಮೂಲಕ 1978ರಲ್ಲಿ ಕನ್ನಡಕ್ಕೆ ಬಂದು, ಆ ಮೊದಲ ಪಾತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆಂಬ ಪ್ರಶಸ್ತಿಯನ್ನು ಪಡೆದ ಈ ತರುಣನಿಗೆ ವಿಧಿ ಕೊಟ್ಟುದು ಹನ್ನೆರಡು ವರ್ಷಗಳ ಅವಕಾಶವನ್ನು ಮಾತ್ರ. ಅಷ್ಟರೊಳಗೆ ಅವರು ಸುಮಾರು ಎಂಬತ್ತು ಚಿತ್ರಗಳಲ್ಲಿ ನಟಿಸಿದರು, ‘ಮಿಂಚಿನ ಓಟ’ವನ್ನೂ ‘ಆಕ್ಸಿಡೆಂಟ್’ ಚಿತ್ರವನ್ನೂ ನಿರ್ದೇಶಿಸಿದರು, ರಾಜ್‌ಕುಮಾರರನ್ನು ‘ಒಂದು ಮುತ್ತಿನ ಕಥೆ’ಯಲ್ಲಿ ನಿರ್ದೇಶಿಸಿದರು, ಸಂಕೇತ್ ಎಂಬ ಧ್ವನಿಮುದ್ರಣಾಲಯವನ್ನು ಬೆಂಗಳೂರಿನಲ್ಲಿ ಕಟ್ಟಿದರು. 1990ರ ಸೆಪ್ಟೆಂಬರ್ 30, ಭಾನುವಾರ, ದಾವಣಗೆರೆಯ ಬಳಿ ಆನಗೋಡಿನ ಹೆದ್ದಾರಿಯಲ್ಲಿ ಅವರ ಕಾರು ಅಪಘಾತಕ್ಕೀಡಾಯಿತು. ವಯಸ್ಸು ಇನ್ನೂ ಮೂವತ್ತಾರು ತುಂಬಿರಲಿಲ್ಲ. ದಸರೆಯ ಹಬ್ಬ ಆಗತಾನೆ ಕಳೆದಿದ್ದಿತು. ಆಯುಧಪೂಜೆಗೆಂದು ಆಟೋರಿಕ್ಷಾಗಳಿಗೆ ಕಟ್ಟಿದ್ದ ಹೂಮಾಲೆಗಳು ಒಣಗುವ ಮೊದಲೇ ಆ ವಾರ್ತೆ ಬಂದಿತು.

ಅವರು 1980ರಲ್ಲಿ ‘ಆಟೋ ರಾಜ’ ಎಂಬ ಚಿತ್ರದಲ್ಲಿ ಆಟೋ ಚಾಲಕನ ಪಾತ್ರವನ್ನು ವಹಿಸಿದ್ದರು. ಒಂದು ಪಾತ್ರ, ಒಂದು ಖಾಕಿ ಅಂಗಿ, ಅಷ್ಟೆ. ಆ ಅಂಗಿಯ ಋಣವನ್ನು ಬೆಂಗಳೂರಿನ ಚಾಲಕರು ಇಂದಿಗೂ ತೀರಿಸುತ್ತಿದ್ದಾರೆ. ನಗರದಲ್ಲಿ ಎಷ್ಟೋ ಆಟೋ ನಿಲ್ದಾಣಗಳು ಅವರ ಹೆಸರನ್ನು ಧರಿಸಿವೆ. ರಿಕ್ಷಾದ ಹಿಂಬದಿಯ ಪರದೆಯ ಮೇಲೆ, ಚಾಲಕನ ಆಸನದ ಎದುರಿನ ಗಾಜಿನ ಮೇಲೆ, ಶಂಕ್ರಣ್ಣನ ಮುಖ. ರೈಲಿನಿಂದಿಳಿದ ಪ್ರಯಾಣಿಕರಿಗಾಗಿ ನಸುಕಿನಲ್ಲಿ ಕಾದು ನಿಂತಿರುವ ಚಾಲಕರಲ್ಲಿ ಇಪ್ಪತ್ತು ಇಪ್ಪತ್ತೈದರ ಹುಡುಗರೂ ಇದ್ದಾರೆ. ಶಂಕರರು ತೀರಿಕೊಂಡಾಗ ಅವರು ಹುಟ್ಟಿಯೇ ಇರಲಿಲ್ಲ. ಅಂಥ ಒಬ್ಬನನ್ನು ಕೇಳಿದಾಗ ಅವನು ಕ್ಷಣವೂ ಯೋಚಿಸದೆ ಹೇಳಿದ ಮಾತು ಹೀಗಿತ್ತು: “ನಮ್ಮಪ್ಪ ಆಟೋ ಓಡಿಸ್ತಿದ್ರು ಸಾರ್, ಅವ್ರ ಗಾಡೀಲೂ ಶಂಕ್ರಣ್ಣಂದೇ ಫೋಟೋ ಇತ್ತು. ಗಾಡಿ ಮಾರಿದ್ವಿ, ಫೋಟೋ ಮಾತ್ರ ಬಿಚ್ಚಿಟ್ಕೊಂಡೆ.” ತಂದೆಯಿಂದ ಮಗನಿಗೆ ಮನೆದೇವರು ಬರುವ ಬಗೆ ಇದೇ. ಇದರ ಹಿಂದೆ ಯಾವ ಸರ್ಕಾರದ ಆಜ್ಞೆಯೂ ಇಲ್ಲ, ಯಾವ ಪಕ್ಷದ ಹಣವೂ ಇಲ್ಲ. ಅಭಿಮಾನಿಗಳು ಯಾತ್ರೆ ಹೋಗಲು ಒಂದು ದೊಡ್ಡ ಸಮಾಧಿಯೂ ಇಲ್ಲ. ಅರುಂಧತಿ ನಾಗ್ ಅವರು ಪತಿಯ ಕನಸನ್ನು ಮುಂದುವರಿಸಿ 2004ರಲ್ಲಿ ಜಯಪ್ರಕಾಶ ನಗರದಲ್ಲಿ ತೆರೆದ ರಂಗಶಂಕರವು ನಾಟಕಪ್ರಿಯರಿಗೆ ಅವರ ಸ್ಮಾರಕ; ಬಾಡಿಗೆಗೆ ಓಡುವ ಈ ಸಾವಿರಾರು ಗಾಡಿಗಳೋ ಚಾಲಕರೇ ಕಟ್ಟಿದ ಸ್ಮಾರಕ. ಎರಡರಲ್ಲಿ ಯಾವುದು ಹಿರಿದೆಂದು ಶಂಕರರನ್ನೇ ಕೇಳಿದ್ದರೆ ಅವರು ಎರಡನೆಯದನ್ನು ಹತ್ತಿ ಮೊದಲನೆಯದಕ್ಕೆ ಹೋಗುತ್ತಿದ್ದರೆಂದು ನನ್ನ ಭಾವನೆ.

ದೂರದರ್ಶನಕ್ಕಾಗಿ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಇಲ್ಲಿ ನೆನೆಯದಿದ್ದರೆ ಮಾತು ಅಪೂರ್ಣವಾಗುವುದು. ಬೀದಿಗೆ ಒಂದೋ ಎರಡೋ ದೂರದರ್ಶನ ಪೆಟ್ಟಿಗೆಗಳಿದ್ದ ಕಾಲದಲ್ಲಿ ನೆರೆಹೊರೆಯವರೆಲ್ಲ ಒಂದೇ ಕೋಣೆಯಲ್ಲಿ ಕೂಡಿ ನೋಡಿದ ಚಿತ್ರಗಳವು. ಅದರಲ್ಲಿ ಸ್ವಾಮಿ ಎಂಬ ಹುಡುಗನ ತಂದೆಯಾಗಿ ಕಾಣಿಸಿಕೊಂಡ ಗಿರೀಶ ಕಾರ್ನಾಡರಿಲ್ಲ. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯಲು ಬಿಡುವು ಸಿಗದ ಗುಮಾಸ್ತನ ಪಾತ್ರವನ್ನು ಮನಮುಟ್ಟುವಂತೆ ಅಭಿನಯಿಸಿದ ವಿಷ್ಣುವರ್ಧನರಿಲ್ಲ. ನಿರ್ದೇಶಿಸಿದ ಶಂಕರರೂ ಇಲ್ಲ. ಇಂದು ಅದನ್ನು ಮತ್ತೆ ನೋಡುವವನಿಗೆ ಕಥೆಯ ವಿಷಾದದೊಡನೆ ಈ ಅಗಲಿಕೆಗಳ ವಿಷಾದವೂ ಬೆರೆತುಬರುತ್ತದೆ. ಕಾರ್ನಾಡರು 2019ರ ಜೂನ್ 10ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆಯೇ, ಸರ್ಕಾರೀ ಗೌರವವಾಗಲಿ ಸಾರ್ವಜನಿಕ ದರ್ಶನವಾಗಲಿ ನಡೆಯಲಿಲ್ಲ. ಮೌನವಾಗಿ ಹೋಗುವ ಹಕ್ಕು ಕಲಾವಿದನಿಗೆ ಉಂಟು. ಅದನ್ನು ಗೌರವಿಸುವುದೂ ಅಭಿಮಾನವೇ.

ಇನ್ನೊಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಅಭಿಮಾನಿ ಸಂಘಗಳ ಫಲಕಗಳಲ್ಲಿ ಹೆಂಗಸರ ಹೆಸರು ವಿರಳ. ಬೀದಿಯಲ್ಲಿ ಎಡೆಯಿಡುವವರೆಲ್ಲ ಗಂಡಸರು, ಎಡೆ ಪಡೆಯುವ ಪಟಗಳೂ ಬಹುಮಟ್ಟಿಗೆ ಗಂಡಸರವು. ಆದರೆ ಮನೆಯೊಳಗೆ ನಡೆಯುವ ಸ್ಮರಣೆ ಬೇರೆಯೇ ಇದೆ. ‘ಶರಪಂಜರ’ದಲ್ಲಿ ಕಲ್ಪನಾ ಅಭಿನಯಿಸಿದ ಕಾವೇರಿಯನ್ನು ಐವತ್ತು ವರ್ಷಗಳಿಗೂ ಮೇಲ್ಪಟ್ಟು ಹೃದಯದಲ್ಲಿಟ್ಟುಕೊಂಡಿರುವ ಗೃಹಿಣಿಯರು ಈ ಓಣಿಗಳಲ್ಲಿದ್ದಾರೆ, 1979ರ ಮೇ ತಿಂಗಳಲ್ಲಿ ಕಲ್ಪನಾ ದುರಂತವಾಗಿ ತೀರಿಕೊಂಡ ಸುದ್ದಿ ಬಂದಂದು ಒಲೆ ಹಚ್ಚಲು ಮನಸ್ಸಾಗಲಿಲ್ಲವೆಂದು ಒಬ್ಬ ಮುದುಕಿ ಹೇಳಿದುದನ್ನು ನಾನು ಕೇಳಿದ್ದೇನೆ. ನಟಿ ಮಂಜುಳಾ 1986ರಲ್ಲಿ ಹೋದರು. 2004ರ ಏಪ್ರಿಲ್ 17ರಂದು ನಮ್ಮದೇ ಜಕ್ಕೂರಿನ ವಿಮಾನನೆಲೆಯಿಂದ ಮೇಲೇರಿದ ಪುಟ್ಟ ವಿಮಾನ ಕ್ಷಣಾರ್ಧದಲ್ಲಿ ಉರಿದುಬಿದ್ದು ಸೌಂದರ್ಯಾ ಹೋದರು. ‘ದ್ವೀಪ’ದಲ್ಲಿ ಮುಳುಗುವ ನೆಲವನ್ನು ಬಿಟ್ಟುಕೊಡದ ನಾಗಿಯಾಗಿ ಅವರು ತೋರಿದ ಘನತೆಯನ್ನು ಕಂಡವರು ಮರೆಯಲಾರರು. ಇವರಿಗೆ ಬೀದಿಯ ಪುಣ್ಯತಿಥಿ ಇಲ್ಲದಿರುವುದು ನಮ್ಮ ಅಭಿಮಾನದ ಕೊರತೆಯೆಂದೇ ನಾನು ಎಣಿಸುತ್ತೇನೆ. ಸಂಘಗಳ ಹುಡುಗರು ತಮ್ಮ ಅಜ್ಜಿಯರನ್ನು ಕೇಳಿ ಆ ದಿನಗಳನ್ನೂ ಪಂಚಾಂಗಕ್ಕೆ ಸೇರಿಸಿಕೊಳ್ಳಬೇಕು.

ಈಗ ಕಹಿಯಾದ ಮಾತು. 2006ರ ಏಪ್ರಿಲ್ 12ರಂದು ರಾಜ್‌ಕುಮಾರರು ಸದಾಶಿವನಗರದ ತಮ್ಮ ಮನೆಯಲ್ಲಿ ತೀರಿಕೊಂಡಾಗ, ತಮ್ಮನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದ ಆ ಮಹನೀಯರ ಕೊನೆಯ ಯಾತ್ರೆಯಲ್ಲಿ ಜನ ದೇವರಂತೆ ನಡೆದುಕೊಳ್ಳಲಿಲ್ಲ. ಬಸ್ಸುಗಳು ಸುಟ್ಟವು, ಗಾಜುಗಳು ಒಡೆದವು. ಗುಂಪಿನ ಕೈಗೆ ಸಿಕ್ಕ ಒಬ್ಬ ಪೊಲೀಸ್ ಪೇದೆಯೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಅಂತಿಮದರ್ಶನಕ್ಕೆ ಸರಿಯಾದ ಏರ್ಪಾಡಾಗದೆ ಜನರ ದುಃಖ ಆಕ್ರೋಶಕ್ಕೆ ತಿರುಗಿತೆಂಬ ಸಮಾಧಾನವನ್ನು ಆಗ ಹೇಳಿದವರಿದ್ದರು. ಏರ್ಪಾಡು ಕೆಟ್ಟಿತೆಂಬುದು ನಿಜ. ಆದರೆ ಯಾವನೋ ತಾಯಿಯ ಮಗನನ್ನು ಬೀದಿಯಲ್ಲಿ ಕೊಂದ ಕೃತ್ಯಕ್ಕೆ ಅದು ನೆಪವಾಗಲಾರದು. ಆ ದಿನದ ಕಳಂಕ ನಮ್ಮ ಊರಿನ ಮೇಲೆ ಉಳಿದಿದೆ. ಅದೇ ದಿನ ಇನ್ನೊಂದು ಕಾರ್ಯವೂ ನಡೆದಿತ್ತು. ಗದ್ದಲದಲ್ಲಿ ಹೆಚ್ಚು ಜನ ಅದನ್ನು ಗಮನಿಸಲಿಲ್ಲ. ರಾಜ್‌ಕುಮಾರರ ಎರಡು ಕಣ್ಣುಗಳನ್ನು ಅವರ ಇಚ್ಛೆಯಂತೆ ದಾನವಾಗಿ ಪಡೆದು, ಇಬ್ಬರು ಅಂಧರಿಗೆ ದೃಷ್ಟಿಯನ್ನು ಕೊಡಲಾಯಿತು.

ಹದಿನೈದು ವರ್ಷಗಳ ಬಳಿಕ ಅದೇ ಊರು ಬೇರೆ ರೀತಿಯಲ್ಲಿ ನಡೆದುಕೊಂಡಿತು. 2021ರ ಅಕ್ಟೋಬರ್ 29, ಶುಕ್ರವಾರ, ನಲವತ್ತಾರರ ವಯಸ್ಸಿನಲ್ಲಿ ರಾಜ್‌ಕುಮಾರರ ಮಗ ಪುನೀತರು ಹಠಾತ್ತಾಗಿ ಅಗಲಿದಾಗ, ಕಂಠೀರವ ಕ್ರೀಡಾಂಗಣದ ಮುಂದೆ ಹಗಲೂ ರಾತ್ರಿಯೂ ಸರಿದ ಆ ಜನಪ್ರವಾಹವನ್ನು ನಾನು ಕಂಡೆ: ಓಕಳಿಪುರದ ಹುಡುಗರು, ಮೈಸೂರು ಮಂಡ್ಯಗಳ ರೈತರು, ಮಗುವನ್ನು ಕಂಕುಳಲ್ಲಿಟ್ಟುಕೊಂಡ ತಾಯಂದಿರು. ಅಳುತ್ತಿದ್ದವರಿದ್ದರು, ಮೂಕರಾಗಿದ್ದವರಿದ್ದರು. ಅಕ್ಟೋಬರ್ 31ರ ನಸುಕಿನಲ್ಲಿ ಕಂಠೀರವ ಸ್ಟುಡಿಯೋದಲ್ಲಿ, ತಂದೆತಾಯಿಯರ ಸಮಾಧಿಯ ಸನಿಹದಲ್ಲಿ, ಸಂಸ್ಕಾರ ಶಾಂತವಾಗಿ ಮುಗಿಯಿತು. ಕುಟುಂಬದವರು ಕೈಮುಗಿದು ಬೇಡಿದುದನ್ನು ಜನ ನಡೆಸಿಕೊಟ್ಟಿದ್ದರು. ಆ ಕುಟುಂಬವೂ ಋಣವನ್ನು ಮರೆಯಲಿಲ್ಲ. ನವೆಂಬರ್ 9ರಂದು ಅರಮನೆ ಮೈದಾನದಲ್ಲಿ ಅಭಿಮಾನಿಗಳಿಗೆಂದೇ ಅನ್ನಸಂತರ್ಪಣೆ ನಡೆಯಿತು. ಮನೆಮಂದಿ ಎಲೆಯ ಮುಂದೆ ನಿಂತು ಬಡಿಸಿದರು. ನಮ್ಮಲ್ಲಿ ಸತ್ತವರ ಮನೆಯ ತಿಥಿಯೂಟಕ್ಕೆ ಕರೆಯುವುದು ಬಂಧುಗಳನ್ನು. ಗೊತ್ತಿಲ್ಲದ ಸಹಸ್ರಾರು ಜನರನ್ನು ಕರೆದು ಎಲೆ ಹಾಕಿದ ಆ ದಿನ, ಅಭಿಮಾನವೂ ಒಂದು ಬಂಧುತ್ವವೆಂದು ಆ ಮನೆ ಒಪ್ಪಿಕೊಂಡಂತಾಯಿತು. ಓಕಳಿಪುರದ ಬೀದಿಯ ಅಡುಗೆಗೆ ಇದಕ್ಕಿಂತ ಮಿಗಿಲಾದ ಪ್ರಮಾಣಪತ್ರ ಬೇಕಾಗಿಲ್ಲ.

ಅನ್ಯದೇಶಗಳಲ್ಲಿಯೂ ಇಂಥ ಶೋಕಗಳು ಆಗಿಹೋಗಿವೆ. 1926ರಲ್ಲಿ ರುಡಾಲ್ಫ್ ವ್ಯಾಲೆಂಟಿನೋ ಎಂಬ ಮೂಕಿಚಿತ್ರಗಳ ನಾಯಕನು ತೀರಿಕೊಂಡಾಗ ನ್ಯೂಯಾರ್ಕಿನ ಬೀದಿಗಳು ತುಂಬಿ ಗಲಭೆಯಾಯಿತು. ಆಮೇಲೆ ಎಷ್ಟೋ ವರ್ಷ ಕಪ್ಪು ಉಡುಪಿನ ಮಹಿಳೆಯೊಬ್ಬಳು ಆತನ ಸಮಾಧಿಗೆ ಹೂವು ತಂದಿಡುತ್ತಿದ್ದಳು. ಅಲ್ಲಿ ಒಬ್ಬಳ ಹೂವು, ಇಲ್ಲಿ ಊರಿನ ಊಟ. ನಮ್ಮವರಿಗೆ ಹಂಚಿಕೊಳ್ಳದ ದುಃಖ ದುಃಖವಾಗಿಯೇ ತೋರುವುದಿಲ್ಲ.

ಹಂಚಿಕೊಳ್ಳಲಿಕ್ಕೆ ಒಂದು ಸ್ಥಳವಾದರೂ ಬೇಡವೆ? ವಿಷ್ಣುವರ್ಧನರ ಅಭಿಮಾನಿಗಳು ಕೇಳುತ್ತಿರುವುದು ಇದನ್ನೇ. 2009ರ ಡಿಸೆಂಬರ್ 30ರ ಬೆಳಗಿನ ಜಾವ ಮೈಸೂರಿನಲ್ಲಿ ಅವರು ತೀರಿಕೊಂಡು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಮೈದಾನದಲ್ಲಿ ಜನ ಅಂತಿಮದರ್ಶನ ಪಡೆದು, ಕೆಂಗೇರಿಯ ಸಮೀಪದ ಅಭಿಮಾನ್ ಸ್ಟುಡಿಯೋದಲ್ಲಿ ಅಗ್ನಿಸಂಸ್ಕಾರವಾಯಿತು. ಆ ಸ್ಟುಡಿಯೋ ಕಟ್ಟಿದವರೂ ಒಬ್ಬ ನಟರೇ. ಕಿವಿ ಕೇಳಿಸದಿದ್ದರೂ ಎದುರಿನವರ ತುಟಿಯ ಚಲನೆಯನ್ನು ಹಿಡಿದು ಸಂಭಾಷಣೆಗೆ ತಪ್ಪದೆ ಉತ್ತರ ಕೊಡುತ್ತಿದ್ದ ಟಿ.ಎನ್. ಬಾಲಕೃಷ್ಣರು. ಸ್ಮಾರಕದ ಪ್ರಶ್ನೆ ವ್ಯಾಜ್ಯಗಳಲ್ಲಿಯೂ ವಾದಗಳಲ್ಲಿಯೂ ವರ್ಷಗಟ್ಟಲೆ ತೊಳಲಿ, ಕಡೆಗೆ 2023ರ ಜನವರಿಯಲ್ಲಿ ಮೈಸೂರಿನ ಹೊರವಲಯದಲ್ಲಿ ಸರ್ಕಾರ ಕಟ್ಟಿಸಿದ ಸ್ಮಾರಕ ತೆರೆಯಿತು. ಅದು ಯೋಗ್ಯವಾದ ಕಾರ್ಯವೇ. ಆದರೆ ಚಿತೆ ಉರಿದ ನೆಲ ಬೆಂಗಳೂರಿನಲ್ಲಿತ್ತು. ಅಲ್ಲಿದ್ದ ಪುಟ್ಟ ಸಮಾಧಿಯನ್ನು 2025ರ ಆಗಸ್ಟ್ ತಿಂಗಳ ಒಂದು ರಾತ್ರಿ ಕೆಡವಲಾಯಿತು. ಬೆಳಗಾಗುವಷ್ಟರಲ್ಲಿ ಅಲ್ಲಿಗೆ ಧಾವಿಸಿದ ಜನರ ರೋದನವನ್ನು ಕಂಡವರು ಭೂಮಿಯ ಒಡೆತನದ ತರ್ಕವನ್ನು ಅವರ ಮುಂದೆ ಆಡಲಾರರು. ಮರುತಿಂಗಳೇ ಸರ್ಕಾರ ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನವನ್ನು ಘೋಷಿಸಿತು. ರತ್ನವೆಂದು ಕರೆದವನ ಚಿತಾಭೂಮಿಯಲ್ಲಿ ಒಂದು ದೀಪ ಹಚ್ಚಲು ತಾವಿಲ್ಲವೆಂದರೆ ಅದು ನ್ಯಾಯವಲ್ಲ. ಶಂಕರರ ನೆನಪು ಸ್ಥಳವಿಲ್ಲದೆಯೂ ಬಾಳಿತು, ಏಕೆಂದರೆ ಅದಕ್ಕೆ ಚಲಿಸುವ ಗಾಡಿಗಳು ದೊರೆತವು. ಎಲ್ಲ ನೆನಪಿಗೂ ಆ ಭಾಗ್ಯವಿಲ್ಲ. ಕಂಠೀರವ ಸ್ಟುಡಿಯೋದಲ್ಲಿ ರಾಜ್‌ಕುಮಾರ್, ಅಂಬರೀಷ್, ಪುನೀತರಿಗೆ ದೊರೆತ ನೆಲದ ಒಂದಂಶವಾದರೂ ‘ನಾಗರಹಾವು’ ಚಿತ್ರದ ರಾಮಾಚಾರಿಗೆ, ಅವನ ದೇಹ ಬೂದಿಯಾದ ಜಾಗದಲ್ಲಿ, ದೊರೆಯಬೇಕು. ಇದು ನನ್ನ ದೃಢವಾದ ಅಭಿಪ್ರಾಯ.

ನೇತ್ರದಾನದ ವಿಷಯಕ್ಕೆ ಮತ್ತೆ ಬರುತ್ತೇನೆ. ಓಕಳಿಪುರದಲ್ಲಿ ನಾನು ಕಂಡ ಬದಲಾವಣೆಯ ಮೂಲ ಅಲ್ಲಿದೆ. ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿ, ಈ ಬಡಾವಣೆಗೆ ಬಹಳ ದೂರವಲ್ಲದ ನಾರಾಯಣ ನೇತ್ರಾಲಯದಲ್ಲಿ, ದಿವಂಗತ ಡಾಕ್ಟರ್ ಭುಜಂಗ ಶೆಟ್ಟರ ನೇತೃತ್ವದಲ್ಲಿ ಆರಂಭವಾದ ಒಂದು ನೇತ್ರನಿಧಿ 1994ರಿಂದ ಡಾಕ್ಟರ್ ರಾಜ್‌ಕುಮಾರರ ಹೆಸರಿನಲ್ಲಿ ನಡೆದುಬಂದಿದೆ. ತಂದೆ ಕೊಟ್ಟರು, 2017ರಲ್ಲಿ ತಾಯಿ ಪಾರ್ವತಮ್ಮನವರೂ ಕೊಟ್ಟರು, ಮಗನೂ ಕೊಟ್ಟನು. ಸಾಮಾನ್ಯವಾಗಿ ಎರಡು ಕಣ್ಣುಗಳಿಂದ ಇಬ್ಬರಿಗೆ ದೃಷ್ಟಿ ಬರುವುದು. ಪುನೀತರ ಕಣ್ಣುಗಳಲ್ಲಿ ವೈದ್ಯರು ಕಾರ್ನಿಯಾ ಎಂಬ ಪಾರದರ್ಶಕ ಪಟಲವನ್ನು ಮುಂಭಾಗದ ಪದರವೆಂದೂ ಹಿಂಭಾಗದ ಪದರವೆಂದೂ ಸೂಕ್ಷ್ಮವಾಗಿ ಬೇರ್ಪಡಿಸಿ, ಮುಂಪದರ ಕೆಟ್ಟ ಇಬ್ಬರಿಗೆ ಮುಂಪದರವನ್ನೂ ಒಳಪದರ ಕೆಟ್ಟ ಇಬ್ಬರಿಗೆ ಒಳಪದರವನ್ನೂ ಕಸಿಮಾಡಿ, ಒಟ್ಟು ನಾಲ್ವರಿಗೆ ಬೆಳಕು ತಂದರು. ಆ ಸುದ್ದಿ ಹಬ್ಬಿದ ಮೇಲೆ ನಾಡಿನ ನಾನಾ ಮೂಲೆಗಳಿಂದ ಜನ ನೇತ್ರದಾನಕ್ಕೆ ಹೆಸರು ಬರೆಸಲು ಮುಂದಾದರು. ಅಪ್ಪು ಎಂದೇ ಜನ ಕರೆಯುವ ಪುನೀತರ ಪುಣ್ಯಸ್ಮರಣೆಯ ಮೇಜಿನ ಪಕ್ಕದಲ್ಲಿ ಈಗ ಇನ್ನೊಂದು ಮೇಜೂ ಇರುತ್ತದೆ: ಅದರ ಮೇಲೆ ನೇತ್ರದಾನದ ಅರ್ಜಿಗಳು, ಒಂದು ಪೆನ್ನು. ಪ್ರಸಾದ ತಿಂದ ಕೈಯನ್ನು ಒರೆಸಿಕೊಂಡು ಹುಡುಗರು ಸಹಿ ಹಾಕುತ್ತಾರೆ. 2006ರಲ್ಲಿ ಕಲ್ಲೆತ್ತಿದ ಊರು ಈಗ ಲೇಖನಿಯನ್ನೆತ್ತಿಕೊಂಡಿರುವುದನ್ನು ಕಂಡು ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ.

ಆದರೆ ಸಹಿ ಹಾಕಿದ ಮಾತ್ರಕ್ಕೆ ಕಣ್ಣು ದಾನವಾಗುವುದಿಲ್ಲವೆಂಬುದನ್ನು ಅಭಿಮಾನಿಗಳೆಲ್ಲರೂ ತಿಳಿದಿರಬೇಕು. ಪ್ರಾಣ ಹೋದ ಬಳಿಕ ಸುಮಾರು ಆರು ಗಂಟೆಗಳೊಳಗಾಗಿ ಕಾರ್ನಿಯಾವನ್ನು ತೆಗೆಯಬೇಕು. ತೆಗೆಯಲು ಮನೆಯವರ ಒಪ್ಪಿಗೆ ಬೇಕು. ನೇತ್ರನಿಧಿಗೆ ಸುದ್ದಿ ಮುಟ್ಟಿಸಬೇಕಾದವರೂ ಆ ದುಃಖದ ಗಳಿಗೆಯಲ್ಲಿ ಮನೆಯವರೇ. ಅಲ್ಲಿಯವರೆಗೆ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆಯ ಹತ್ತಿಯನ್ನಿಟ್ಟು, ಫ್ಯಾನು ನಿಲ್ಲಿಸಿ, ತಲೆಯನ್ನು ತುಸು ಎತ್ತರದಲ್ಲಿಟ್ಟರೆ ಸಾಕು. ಆಪ್ತರಿಗೆ ತಿಳಿಸದೆ ಪೆಟ್ಟಿಗೆಯಲ್ಲಿಟ್ಟ ದಾನಪತ್ರ ಯಾರಿಗೂ ಉಪಯೋಗವಾಗದು. ಆದಕಾರಣ ಈ ಲೇಖನವನ್ನು ಓದುತ್ತಿರುವ ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ ನನ್ನ ಬಿನ್ನಹವಿಷ್ಟೆ: ಅಪ್ಪುವಿನ ಹೆಸರಿನಲ್ಲಿಯೋ ಅಣ್ಣಾವ್ರು ರಾಜ್‌ಕುಮಾರರ ಹೆಸರಿನಲ್ಲಿಯೋ ಅರ್ಜಿಗೆ ಸಹಿ ಹಾಕಿದ್ದರೆ, ಆ ಮಾತನ್ನು ಇಂದು ಸಂಜೆ ನಿಮ್ಮ ಮನೆಯವರೆಲ್ಲರ ಮುಂದೆ ಹೇಳಿಬಿಡಿ, ನೇತ್ರನಿಧಿಯ ದೂರವಾಣಿಯ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿಡಿ.